ಸುಣ್ಣದ ಗೆರೆಯ ಹದಿನಾಲ್ಕು ಮರಿಗಳು

ಹೆಸರು: ಮಹದೇವಮ್ಮ, ಕೋಂ ಚಲುವಯ್ಯ. ವಯಸ್ಸು: ಸುಮಾರು 48 ವರ್ಷ. ಕಸುಬು: ಬೇಸಾಯ. ವಾಸ: ಹೆಮ್ಮರಗಾಲ ಗ್ರಾಮ, ನಂಜನಗೂಡು ತಾಲ್ಲೂಕು, ಮೈಸೂರು ಜಿಲ್ಲೆ.

ದಿನಾಂಕ 5-7-1984ರ ಗುರುವಾರ ಈ ಠಾಣೆಯಲ್ಲಿ ನಾನು ಬಾಯಿಮಾತಿನಲ್ಲಿ ಕೊಟ್ಟ ದೂರಿನ ವಿಚಾರವಾಗಿ ಇಂದು, 10-7-1984ರ ಮಂಗಳವಾರ ಬೆಳಿಗ್ಗೆ 11.20ಕ್ಕೆ, ಯಾರೂ ಕರೆಸದೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ, ಕಾಣೆಯಾದದ್ದು ಆಡಿನ ಮರಿಗಳಲ್ಲ, ಬಾಳೆ ಮರಿಗಳು. ಇದು ಹೇಗಾಯಿತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ನನಗೆ ಓದು ಬರಹ ಬಾರದು. ಗಡಿಯಾರವೂ ಇಲ್ಲ. ಇದರಲ್ಲಿ ಬರುವ ಹೊತ್ತುಗಳನ್ನು ಬಸ್ಸು ಹೋದದ್ದರ ಮೇಲೆ ಮತ್ತು ಸ್ಕೂಲಿನ ಗಂಟೆಯ ಮೇಲೆ ಹೇಳುತ್ತಿದ್ದೇನೆ, ಐದು ಹತ್ತು ನಿಮಿಷ ಆಚೀಚೆ ಆಗಿರಬಹುದು.

ಊರಿನ ಪಶ್ಚಿಮಕ್ಕೆ ಒಂದು ಮೈಲಿ ದೂರದಲ್ಲಿ ನಮಗೆ 1 ಎಕರೆ 4 ಗುಂಟೆ ಜಮೀನಿದೆ. ನನ್ನ ಮಾವನ ಕಾಲದಲ್ಲಿ ದರಖಾಸ್ತಿನಲ್ಲಿ ಮಂಜೂರಾದದ್ದು. ಅದರಲ್ಲಿ 16 ಗುಂಟೆಗೆ ರಸಬಾಳೆ, ಉಳಿದದ್ದಕ್ಕೆ ರಾಗಿ, ಅವರೆ, ಸೊಪ್ಪು. ಈ ಜಮೀನಿಗೆ ಇದುವರೆಗೆ ಸರ್ಕಾರಿ ಗೊಬ್ಬರವನ್ನಾಗಲಿ ಡಬ್ಬಿಯ ಔಷಧಿಯನ್ನಾಗಲಿ ಹಾಕಿಲ್ಲ. ಸರ್ಕಾರಿ ಗೊಬ್ಬರ ಎಂದರೆ ಚೀಲದಲ್ಲಿ ಬರುವ ಬಿಳಿ ಗೊಬ್ಬರ. ಅದು ಊರಿನವರು ಇಟ್ಟ ಹೆಸರು, ಸರ್ಕಾರದ ಮೇಲೆ ನನ್ನ ದೂರೇನೂ ಇಲ್ಲ. ನಾವು ಹಾಕುವುದು ತಿಪ್ಪೆ ಗೊಬ್ಬರ, ಹೊಂಗೆ ಸೊಪ್ಪು, ಒಲೆಯ ಬೂದಿ, ಕೆರೆಯ ಗೋಡು.

ಮೊದಲು ಒಂದು ಜೊತೆ ಎತ್ತು, ಮೂರು ಹಸು ಇದ್ದವು. ನಾಲೆಯ ನೀರು ಬಂದ ಮೇಲೆ ದನ ಮೇಯುತ್ತಿದ್ದ ಬಯಲೆಲ್ಲ ಗದ್ದೆಯಾಯಿತು. ಈಗ ಇರುವುದು ಒಂದೇ ಹಸು. ಕೂಲಿಗೆ ಬರುತ್ತಿದ್ದವರೆಲ್ಲ ತಾಂಡ್ಯದ ಕಡೆ ಕಾರ್ಖಾನೆ ಕಟ್ಟುವ ಕೆಲಸಕ್ಕೆ ಹೋಗುತ್ತಾರೆ. ನನ್ನ ಗಂಡ ಚಲುವಯ್ಯನವರೂ ಎರಡು ವರ್ಷದಿಂದ ಅಲ್ಲಿಗೇ ಹೋಗುತ್ತಾರೆ, ಭಾನುವಾರ ಮಾತ್ರ ರಜೆ. ಆದ್ದರಿಂದ ತಿಪ್ಪೆಯಿಂದ ಜಮೀನಿಗೆ ಗೊಬ್ಬರ ಹೊರುವವಳು ನಾನೊಬ್ಬಳೇ. ಒಂದು ಹಸುವಿನ ಗೊಬ್ಬರ 16 ಗುಂಟೆಗೆ ಸಾಲದೆ ಕಂಡವರ ಹಟ್ಟಿಯಲ್ಲೂ ಕೇಳಿ ತರುತ್ತೇನೆ. ಕೇಳುವುದಕ್ಕೆ ನನಗೆ ನಾಚಿಕೆಯಿಲ್ಲ. ಗ್ರಾಮಸೇವಕರು ಮೂರು ಸಲ ಮನೆಗೆ ಬಂದು ಒಂದು ಚೀಲ ಹಾಕಿ ನೋಡಿ ಎಂದರು. ಮೂರು ಸಲವೂ ನಾನು ಹೇಳಿದ್ದು, "ನನ್ ಭೂಮಿಗೆ ಬಾಣಂತನ ಮಾಡಕ್ಕೆ ನಂಗ್ ಬತ್ತದೆ ಸಾ, ನೀವು ಓಗ್ಬನ್ನಿ" ಎಂದು. ಈ ಮಾತನ್ನು ಊರಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ್ದೂ ನಿಜ. ಇದು ಮುಂದಕ್ಕೆ ಬೇಕಾಗುತ್ತದೆ, ಆದ್ದರಿಂದ ಬರೆಸುತ್ತಿದ್ದೇನೆ.

ನಮ್ಮ ಪಕ್ಕದ ಜಮೀನು ರಿಟೈರ್ಡ್ ಮೇಷ್ಟರಾದ ಅನಂತಪದ್ಮನಾಭಯ್ಯನವರದು. 1982ರಲ್ಲಿ ಅವರ ರಸಬಾಳೆ ತೋಟಕ್ಕೆ ಸೊರಗು ರೋಗ ಬಂತು. ಎಲೆಯ ಅಂಚು ಹಳದಿಯಾಗಿ, ಎಲೆ ಮುರಿದು ಗಿಡದ ಸುತ್ತ ಜೋತು ಬೀಳುತ್ತದೆ. ದಿಂಡು ಸೀಳಿ ನೋಡಿದರೆ ಒಳಗೆ ಕೆಂಪು ಕಂದಿದ ಗೆರೆಗಳು. ಚೀಲದ ಗೊಬ್ಬರ ತಿನ್ನಿಸಿದ್ದಕ್ಕೇ ಹೀಗಾಯಿತು, ನಮ್ಮ ತೋಟಕ್ಕೆ ಇದು ಬರುವುದಿಲ್ಲ ಎಂದು ನಾನು ಅಂದೆ, ಅದೂ ಅವರಿಗೆ ಕೇಳುವಂತೆ. ಅವರು ಸಿಟ್ಟಾಗಲಿಲ್ಲ. ಕೃಷಿ ಇಲಾಖೆಯ ಒಂದು ಕಾಗದವನ್ನು ಓದಿ ಹೇಳಿದರು. ಈ ರೋಗ ಮಣ್ಣಿನದು, ಮರಿಯ ಜೊತೆ ಹೋಗುತ್ತದೆ, ಗುದ್ದಲಿಗೆ ಅಂಟಿದ ಮಣ್ಣಿನಲ್ಲಿ, ಹರಿಯುವ ನೀರಿನಲ್ಲಿ ಹೋಗುತ್ತದೆ, ಒಂದು ಸಲ ಬಂದರೆ ಆ ನೆಲದಲ್ಲಿ ಹತ್ತಿಪ್ಪತ್ತು ವರ್ಷ ರಸಬಾಳೆ ನಿಲ್ಲುವುದಿಲ್ಲ, ಇದಕ್ಕೆ ಔಷಧಿಯೂ ಇಲ್ಲ ಎಂದು. "ಗೊಬ್ಬರ ಯಾವುದು ಅಂತ ಅದು ನೋಡೋದಿಲ್ಲ ಮಹದೇವಮ್ಮ, ನೀನೂ ಹುಷಾರಾಗಿರು" ಎಂದರು. ನಾನು ತಲೆಯಾಡಿಸಿದೆ, ಮನಸ್ಸಿನಲ್ಲಿ ನಗಾಡಿಕೊಂಡೆ.

ಈ ವರ್ಷ ಶಿವರಾತ್ರಿ ಕಳೆದು ಎಂಟು ದಿನಕ್ಕೆ ನಮ್ಮ ತೋಟದ ಮೂರನೇ ಸಾಲಿನಲ್ಲಿ ಒಂದು ಗಿಡದ ಎಲೆಯ ಅಂಚು ಹಳದಿಯಾಗಿದ್ದನ್ನು ನೋಡಿದೆ. ಬಿಸಿಲಿಗೆ ಇರಬೇಕು ಎಂದುಕೊಂಡೆ. ಬಿಸಿಲಿಗಲ್ಲ ಎಂದು ನನಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ನನ್ನ ಗಂಡನಿಗೂ ಹದಿನೈದು ದಿನ ಹೇಳಲಿಲ್ಲ.

ನಮಗೆ ಒಬ್ಬಳೇ ಮಗಳು, ಮಂಗಳಗೌರಿ, 23 ವರ್ಷ. ಮೂರು ವರ್ಷದ ಹಿಂದೆ ತಿ. ನರಸೀಪುರ ತಾಲ್ಲೂಕು ಹೊಳೆಕೊಪ್ಪಲಿನ ಮಾದು ಎಂಬುವವರಿಗೆ ಕೊಟ್ಟು ಮದುವೆ ಮಾಡಿದ್ದೇವೆ. ಅವರಿಗೆ ಹೊಳೆಯ ದಡದಲ್ಲಿ 20 ಗುಂಟೆ ಇದೆ. ಈ ಸಲ ಯುಗಾದಿಗೆ ಬಂದಾಗ ಅವಳು, "ಅವ್ವ, ನಮ್ಮ ಜಮೀನ್ಗೂ ನಿನ್ನಂಗೇ ತಿಪ್ಪೆ ಗೊಬ್ರ ಆಕಿ ರಸಬಾಳೆ ಮಾಡ್ತೀನಿ, ಇಪ್ಪತ್ ಮರಿ ಕೊಡು" ಎಂದು ಕೇಳಿದಳು. ನಾನು ಇಲ್ಲ ಎಂದೆ. ಯಾಕೆ ಎಂದು ಕೇಳಿದಳು. ಇಲ್ಲ ಅಂದರೆ ಇಲ್ಲ ಎಂದೆ. ರೋಗ ಬಂದಿದೆ ಎಂದು ಹೇಳಲಿಲ್ಲ. ಊರೆಲ್ಲ ಜಂಬ ಕೊಚ್ಚಿಕೊಂಡು ತಿರುಗಿದವಳು ಯಾವ ಮುಖ ಇಟ್ಟುಕೊಂಡು ಹೇಳಲಿ. ಅವಳು ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಕೈ ತೊಳೆದಳು. ಸಂಜೆಯ ಬಸ್ಸಿಗೆ ಹೋದಳು, ನಾಳೆ ಹೋಗುವುದಾಗಿ ಹೇಳಿದ್ದವಳು.

ಜೂನ್ ಹೊತ್ತಿಗೆ 310 ಗುಣಿಗಳಲ್ಲಿ 120ಕ್ಕಿಂತ ಹೆಚ್ಚು ಸೊರಗಿದವು. ದಿನಾಂಕ 30-6-1984ರ ಶನಿವಾರ ಬಾವಿಯ ಕಡೆಯ ಸಾಲಿನಲ್ಲಿ ರೋಗದ ತಾಯಿ ಗಿಡಗಳನ್ನು ಮಚ್ಚಿನಿಂದ ಕಡಿದು, ಬುಡದಲ್ಲಿದ್ದ 14 ಮರಿಗಳನ್ನು ಕಿತ್ತು, ಹೊಂಗೆ ಮರದ ಕೆಳಗೆ ಒಣಗಲು ಇಟ್ಟೆ. ಸುಡುವುದು ಇವನ್ನೇ ಎಂದು ನನ್ನ ಗಂಡನಿಗೆ ತಿಳಿಯಲಿ ಎಂದು ಒಂದೊಂದರ ಬುಡಕ್ಕೂ ಎಲೆ ಅಡಿಕೆಯ ಚೀಲದಲ್ಲಿದ್ದ ಸುಣ್ಣದಿಂದ ಒಂದೊಂದು ಗೆರೆ ಎಳೆದೆ. ಕೈಗೆ ಸಿಕ್ಕಿದ್ದು ಸುಣ್ಣ. ಬೇರೆ ಏನನ್ನಾದರೂ ಹಚ್ಚಿದ್ದರೆ ಇವತ್ತು ಈ ಹೇಳಿಕೆಯೇ ಇರುತ್ತಿರಲಿಲ್ಲ. 8ನೇ ತಾರೀಖಿನ ಭಾನುವಾರ ಸುಡುವುದೆಂದು ಮಾತಾಗಿತ್ತು.

ದಿನಾಂಕ 4-7-1984ರ ಬುಧವಾರ ಬೆಳಿಗ್ಗೆ 7.15ರ ಬಸ್ಸಿಗೆ ನಾನು ಕುರಿ ಗೊಬ್ಬರ ಕೇಳಿಕೊಂಡು ಬರಲು ಕವಲಂದೆಯಲ್ಲಿರುವ ನನ್ನ ಅಕ್ಕ ಚಿನ್ನಮ್ಮನ ಮನೆಗೆ ಹೋದೆ. ಸಂಜೆ 6 ಗಂಟೆಗೆ ಹಿಂದಿರುಗಿದೆ. ಆ ದಿನ ತೋಟಕ್ಕೆ ಹೋಗಲಿಲ್ಲ.

ಮಾರನೆಯ ದಿನ ಗುರುವಾರ ಬೆಳಿಗ್ಗೆ 6.40ಕ್ಕೆ ತೋಟಕ್ಕೆ ಹೋಗಿ ನೋಡಲಾಗಿ 14 ಮರಿಗಳೂ ಇರಲಿಲ್ಲ. ಬೇಲಿಯ ತಡಿಕೆಯನ್ನು ಮುಚ್ಚಿ ಹುರಿಯಿಂದ ಕಟ್ಟಿತ್ತು. ಎರಡು ಸುತ್ತು ಸುತ್ತಿ ತುದಿಯನ್ನು ಒಳಕ್ಕೆ ತೂರಿಸಿದ ಗಂಟು, ನಾನು ಹಾಕುವಂಥದ್ದೇ. ಕಳ್ಳರು ಬಾಗಿಲು ಮುಚ್ಚಿ ಕಟ್ಟಿ ಹೋಗುತ್ತಾರೆಯೇ ಎಂದು ಒಂದು ಗಳಿಗೆ ಅನ್ನಿಸಿತು. ಗಾಬರಿಯಲ್ಲಿ ಆ ಯೋಚನೆ ಅಲ್ಲಿಗೇ ಬಿಟ್ಟುಹೋಯಿತು.

ಆ ಮರಿಗಳು ನನಗೆ ಬೇಕಾಗಿರಲಿಲ್ಲ. ಬೆಂಕಿಗೆ ಹಾಕುವುದನ್ನು ಯಾರೋ ಹೊತ್ತುಕೊಂಡು ಹೋದರು, ಒಂದು ಕೆಲಸ ಕಡಿಮೆಯಾಯಿತು ಎಂದು ಸುಮ್ಮನಿರಬಹುದಿತ್ತು. ಆದರೆ ಬಾಳೆ ಮರಿ ಕದ್ದವರು ಅದನ್ನು ತಿನ್ನುವುದಿಲ್ಲ, ಮಾರುವುದೂ ಅಪರೂಪ. ನೆಡುತ್ತಾರೆ. ಕೇಳಿ ತಂದ ಮರಿಗಿಂತ ಕೇಳದೆ ತಂದ ಮರಿ ಚೆನ್ನಾಗಿ ಬೇರು ಬಿಡುತ್ತದೆ ಎಂದು ನಮ್ಮ ಕಡೆಯ ಹೆಂಗಸರ ನಂಬಿಕೆ. ನನ್ನ ಅತ್ತೆ ದೊಡ್ಡಮ್ಮನವರು ನಮ್ಮ ಮನೆಯ ಮೊದಲ ರಸಬಾಳೆ ಮರಿಯನ್ನು ಯಾರ ತೋಟದಿಂದ ತಂದರೆಂದು ಸಾಯುವವರೆಗೂ ಬಾಯಿ ಬಿಡಲಿಲ್ಲ, ಕೇಳಿದರೆ ನಗುತ್ತಿದ್ದರು. ಹಾಗೆ ಯಾವಳೋ ಪಾಪದವಳು ಆಸೆಯಿಂದ ಒಯ್ದು ನೆಟ್ಟರೆ ಅವಳ ನೆಲವೂ ನನ್ನ ನೆಲದಂತೆ ಹಾಳಾಗುತ್ತದೆ. ನೆಡುವ ಮೊದಲು ಅವಳಿಗೆ ತಿಳಿಸಬೇಕು. ನನಗೆ ಇದ್ದದ್ದು ಅದೊಂದೇ ಯೋಚನೆ. ಊರೂರು ಸುತ್ತಿ ಹೇಳುವುದು ನನ್ನ ಕಾಲಿನಿಂದ ಆಗದು, ಪೊಲೀಸಿನವರಾದರೆ ಬೇಗ ಹುಡುಕುತ್ತಾರೆ ಎಂದು ಅದೇ ದಿನ 11 ಗಂಟೆಗೆ ಈ ಠಾಣೆಗೆ ಬಂದೆ.

ಇಲ್ಲಿ ನಾನು ಆಡಿದ ಮಾತು: "ಸಾ, ನನ್ ಮರಿಗಳ್ನ ಯಾರೋ ಒತ್ಕಂಡು ಓಗವ್ರೆ. ಬ್ಯಾಗ ಉಡುಕ್ಸಿ ಸಾ, ಒತ್ತಾದ್ರೆ ಕೆಡ್ತದೆ." ಎಷ್ಟು ಮರಿ ಎಂದು ರೈಟರ್ ಸಾಹೇಬರು ಕೇಳಿದರು. ಹದಿನಾಲ್ಕು ಎಂದೆ. ಎಷ್ಟು ವಯಸ್ಸು ಎಂದರು. ಮೂರು ತಿಂಗಳು ಎಂದೆ. ಗುರುತು ಏನು ಎಂದರು. ಬುಡದಲ್ಲಿ ಬಿಳಿ ಪಟ್ಟೆ ಎಂದೆ. ಅವರು ಹಿಂಭಾಗದಲ್ಲಿ ಬಿಳಿ ಪಟ್ಟೆ ಎಂದು ಬರೆದುಕೊಂಡರು. ಕಾಯಿಲೆ ಮರಿಗಳು, ಅಂಟುರೋಗ ಎಂದೂ ಹೇಳಿದೆ. ತಾಯಿ ಎಲ್ಲಿವೆ ಎಂದು ಕೇಳಿದರು. "ತಾಯ್ಗಳ್ನ ನಾನೇ ಮಚ್ನಲ್ಲಿ ಕಡ್ದಾಕ್ದೆ ಸಾ" ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಇದರಲ್ಲಿ ಅವರ ತಪ್ಪು ಏನೂ ಇಲ್ಲ. ಬಾಳೆ ಎಂಬ ಮಾತು ನನ್ನ ಬಾಯಿಂದ ಬರಲೇ ಇಲ್ಲ. ನಮ್ಮ ಮನೆಯಲ್ಲಿ ಆಡು ಸಾಕುವುದನ್ನು ಬಿಟ್ಟು ಹತ್ತು ವರ್ಷವಾಯಿತು, ಮರಿ ಎಂದರೆ ನಮಗೆ ಬಾಳೆ ಮರಿಯೇ. ಊರಿಗೆಲ್ಲ ಹಾಗೇ ಎಂದುಕೊಂಡಿದ್ದೆ.

ಶುಕ್ರವಾರ ಪೇದೆಯವರು ಸುತ್ತಲಿನ ಊರುಗಳಲ್ಲಿ ವಿಚಾರಿಸಿದರೆಂದು ನನಗೆ ಆಮೇಲೆ ತಿಳಿಯಿತು. ನಮ್ಮೂರ ಬಸ್ ನಿಲ್ದಾಣದಲ್ಲಿ ಟೀ ಅಂಗಡಿ ಇಟ್ಟಿರುವ ದೊಡ್ಡಸಿದ್ದಯ್ಯನವರನ್ನೂ, ಬುಧವಾರ ಯಾರಾದರೂ ಆಡಿನ ಮರಿಗಳನ್ನು ಬಸ್ಸಿಗೆ ಹತ್ತಿಸಿದ್ದನ್ನು ನೋಡಿದಿರಾ ಎಂದು ಕೇಳಿದ್ದಾರೆ. ಇಲ್ಲ ಎಂದು ಅವರು ಹೇಳಿದ್ದಾರೆ. ಅವರು ಸುಳ್ಳು ಹೇಳಿಲ್ಲ, ಅವರನ್ನು ಕೇಳಿದ್ದು ಆಡಿನ ಮರಿ. ಆ ಒಂದು ಮಾತಿನಿಂದ ಒಂದು ದಿನ ಹೋಯಿತು, ಆ ಒಂದು ದಿನದಲ್ಲೇ ಆಗಬಾರದ್ದು ಆಯಿತು.

ದಿನಾಂಕ 7-7-1984ರ ಶನಿವಾರ ಬೆಳಿಗ್ಗೆ 9.10ಕ್ಕೆ ಪೇದೆಯವರು ನಮ್ಮ ತೋಟಕ್ಕೆ ಬಂದರು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಎರಡು ಕರಿಯ ಆಡಿನ ಮರಿಗಳು. ಎರಡಕ್ಕೂ ಹಿಂದುಗಡೆ ಬಿಳಿ ಪಟ್ಟೆ ಇತ್ತು. ಇನ್ನು ಹನ್ನೆರಡು ಸಿಗಬೇಕು, ಇವನ್ನು ಗುರುತು ಹಿಡಿಯವ್ವ ಎಂದರು. ಅಷ್ಟರಲ್ಲಿ ಒಂದು ಮರಿ ಬೇಲಿಗೆ ನುಗ್ಗಿ ಒಂದು ಬಾಳೆ ಎಲೆಯನ್ನು ಕಾಲು ಭಾಗ ತಿಂದಿತು. ಇವು ನನ್ನ ಮರಿಗಳಲ್ಲ, ನನ್ನ ಮರಿಗಳಿಗೆ ಕಾಲೇ ಇಲ್ಲ ಎಂದು ಹೇಳಿ ಗಿಡವನ್ನು ತೋರಿಸಿದೆ. ಪೇದೆಯವರು ಹೊಂಗೆ ಮರದ ಬೇರಿನ ಮೇಲೆ ಕುಳಿತು ಟೋಪಿ ತೆಗೆದರು. "ಬಾಳೆ ಗಿಡಕ್ಕಾ ತಾಯಿ, ನಾನು ಕುರಿದೊಡ್ಡಿ ಕುರಿದೊಡ್ಡಿ ಅಲೆದಿದ್ದು?" ಎಂದರು. ಬೈಯಲಿಲ್ಲ. ನೀರು ಕೊಟ್ಟೆ. ಆ ಎರಡು ಮರಿಗಳನ್ನು ಅವುಗಳ ಯಜಮಾನರಿಗೆ ಮುಟ್ಟಿಸಿಯಾಗಿದೆ ಎಂದು ಇಂದು ತಿಳಿದು ಸಮಾಧಾನವಾಯಿತು.

ವಿಷಯ ತಿಳಿದ ಮೇಲೆ ಪೇದೆಯವರೇ ನನ್ನನ್ನು ಕರೆದುಕೊಂಡು 10.15ಕ್ಕೆ ದೊಡ್ಡಸಿದ್ದಯ್ಯನವರ ಅಂಗಡಿಗೆ ಬಂದು, ಬುಧವಾರ ಯಾರಾದರೂ ಬಾಳೆ ಮರಿ ತೆಗೆದುಕೊಂಡು ಹೋದರೇ ಎಂದು ಮತ್ತೆ ಕೇಳಿದರು. ದೊಡ್ಡಸಿದ್ದಯ್ಯನವರು ಹೇಳಿದ್ದು: "ಬಾಳೆ ಮರಿಯಾ? ನಿನ್ನೆ ಆಡಿನ ಮರಿ ಅಂದ್ರಲ್ಲ ಸಾ. ಬಾಳೆ ಮರೀದು ಒಂದ್ ಚೀಲ ನಾನೇ ಬಸ್ ಮ್ಯಾಕೆ ಅತ್ತಿಸ್ದೆ. ಮಾದೇವಕ್ಕನ ಮಗಳು ಗೌರೀದು. ತವರಿಂದ ತಗಂಡ್ ಓಯ್ತಾವ್ಳೆ, ನಾನ್ಯಾಕ್ ಕೇಳ್ಲಿ."

ನಾನು ಬೆಂಚಿನ ಮೇಲೆ ಕುಳಿತುಕೊಂಡೆ. ಎಷ್ಟು ಹೊತ್ತು ಎಂದು ಸರಿಯಾಗಿ ಹೇಳಲಾರೆ, ಅವರು ಕೊಟ್ಟ ಟೀ ಆರಿ ಕೆನೆ ಕಟ್ಟುವಷ್ಟು ಹೊತ್ತು. ತಡಿಕೆಯ ಗಂಟು ಆಗ ನೆನಪಾಯಿತು. ಅವಳಿಗೆ ಆರು ವರ್ಷವಿದ್ದಾಗ ಆ ಗಂಟನ್ನು ನಾನೇ ಕಲಿಸಿದ್ದು. ಮೂರು ದಿನದಿಂದ ಯಾವಳೋ ಪಾಪದವಳು ಎಂದು ಯಾರಿಗಾಗಿ ಮರುಗುತ್ತಿದ್ದೆನೋ ಅವಳು ನನ್ನ ಹೊಟ್ಟೆಯ ಮಗಳೇ ಆಗಿದ್ದಳು.

ಅಲ್ಲಿಂದ ಮನೆಗೂ ಹೋಗದೆ 11.30ರ ಬಸ್ಸಿಗೆ ಹತ್ತಿದೆ. ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿ, ತಿ. ನರಸೀಪುರದಲ್ಲಿ ಇಳಿದು, ಹೊಳೆಕೊಪ್ಪಲಿಗೆ ಎರಡೂವರೆ ಮೈಲಿ ನಡೆದೆ. ತಲುಪಿದಾಗ ಸಂಜೆ 4 ಗಂಟೆ, ಶನಿವಾರ ಅರ್ಧ ದಿನದ ಸ್ಕೂಲು, ಇದನ್ನು ಮಾತ್ರ ಬಿಸಿಲು ನೋಡಿ ಹೇಳುತ್ತಿದ್ದೇನೆ.

ಮಗಳು ಜಮೀನಿನಲ್ಲಿದ್ದಳು. ಬದುವಿನ ಉದ್ದಕ್ಕೆ 9 ಮರಿಗಳನ್ನು ನೆಟ್ಟಿದ್ದಳು. ಶುಕ್ರವಾರ ಒಳ್ಳೆಯ ದಿನ ಎಂದು ಹಿಂದಿನ ದಿನವೇ ನೆಟ್ಟಿದ್ದಂತೆ. ಉಳಿದ 5 ಗೋಣಿಚೀಲದ ಕೆಳಗಿದ್ದವು. ಒಂದೊಂದು ಗುಣಿಯ ಸುತ್ತಲೂ ಬೂದಿ ಉದುರಿಸಿದ್ದಳು. ಬದುವಿನ ಮೂಲೆಯಲ್ಲಿ ಒಂದು ತಿಪ್ಪೆ ಗುಂಡಿ ಇತ್ತು, ಅದರ ಮೇಲೆ ಕೆಸರು ಮೆತ್ತಿ ಮುಚ್ಚಿದ್ದಳು, ನಾನು ಮುಚ್ಚುವ ಹಾಗೆಯೇ. ಅದನ್ನು ನೋಡಿ ನನಗೆ ಅಳು ಬಂತು. ಅವಳು ಕೊಡದಲ್ಲಿ ನೀರು ತರುತ್ತಿದ್ದಳು. ನನ್ನನ್ನು ನೋಡಿ ನಿಂತಳು. ನಮ್ಮಿಬ್ಬರ ನಡುವೆ ಸುಮಾರು ಇಪ್ಪತ್ತು ಅಡಿ ಇತ್ತು.

"ಮರಿ ವಾಪಸ್ ಕೇಳಕ್ ಬಂದ್ಯಾ ಅವ್ವ?" ಎಂದಳು.

"ಮೊದ್ಲು ಕೊಡ ಕೆಳಗ್ ಮಡಗು ಕೂಸು. ಅವುಕ್ಕೆ ನೀರಾಕ್ಬ್ಯಾಡ" ಎಂದೆ.

ಅವಳು ಕೊಡ ಇಳಿಸಲಿಲ್ಲ. ಸೊಂಟದ ಮೇಲೆ ಇಟ್ಟುಕೊಂಡೇ ಹೇಳಿದಳು: "ಯುಗಾದೀಲಿ ಇಲ್ಲ ಅಂದೆ. ಇನ್ನೊಂದ್ಸಲ ಕೇಳವಾ ಅಂತ ಬುಧವಾರ ಬಂದ್ರೆ ಮನೆಗ್ ಬೀಗ. ತೋಟದ್ ತಾವ ಓದೆ. ಒಂಗೆ ಮರದಡೀಲಿ ಸುಣ್ಣ ಅಚ್ಚಿ ಮಡಗಿದ್ದೆ. ಬೀಜುಕ್ಕೆ ಅಂತ ಆರ್ಸಿ ಮಡಗವ್ಳೆ, ಯಾರ್ಗೋ ಕೊಡಕ್ ಮಡಗವ್ಳೆ, ನಂಗ್ ಮಾತ್ರ ಇಲ್ಲ ಅಂದವ್ಳೆ ಅನ್ಕಂಡೆ. ಒಟ್ಟೆ ಉರ್ದೋಯ್ತು ಕಣವ್ವ. ಒಂದ್ ಗಂಟೆ ಅಲ್ಲೇ ಕೂತಿದ್ದೆ. ನೀನ್ ಬರ್ನಿಲ್ಲ."

ಇದನ್ನು ಇಲ್ಲಿ ವಿವರಿಸಬೇಕು. ನಮ್ಮ ಮನೆಯಲ್ಲಿ ಬೀಜಕ್ಕೆ ಬಿಟ್ಟ ಸೋರೆ, ಸೌತೆ, ಕುಂಬಳ, ಯಾವುದೇ ಕಾಯಿಗೂ ಸುಣ್ಣದ ಬೊಟ್ಟು ಇಡುತ್ತೇವೆ. ಸುಣ್ಣ ಇದ್ದರೆ ಅದನ್ನು ಕೀಳಬಾರದು, ಅದು ಎಲ್ಲಕ್ಕಿಂತ ಒಳ್ಳೆಯದು, ಮುಂದಿನ ವರ್ಷದ್ದು ಎಂದು ಅರ್ಥ. ಮಗಳು ಇದನ್ನು ನೋಡಿಕೊಂಡೇ ಬೆಳೆದವಳು. ಸುಡಬೇಕಾದದ್ದಕ್ಕೆ ನಾನು ಆ ಗುರುತು ಹಾಕಿದೆ. ಅವಳು ನಾನು ಕಲಿಸಿದ್ದನ್ನೇ ಓದಿಕೊಂಡಳು. ಆದ್ದರಿಂದ ಇದರಲ್ಲಿ ತಪ್ಪು ಎಂದು ಯಾರದ್ದಾದರೂ ಹೆಸರು ಬರೆಯಬೇಕಾದರೆ ನನ್ನದು ಬರೆಯಬೇಕು.

ನಾನು ಅವಳಿಗೆ ಹೇಳಿದೆ. "ತೋಟುಕ್ಕೆ ರೋಗ ಬಂದದೆ ಕೂಸು. ಶಿವರಾತ್ರಿಯಿಂದ. ಇವು ಸುಡಕ್ ಮಡಗಿದ್ದು." ಈ ಮಾತನ್ನು ಗಂಡನನ್ನೂ ಠಾಣೆಯವರನ್ನೂ ಬಿಟ್ಟು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ನೆಲ ಬಿರಿಯಲಿಲ್ಲ. ಅವಳು ಕೊಡವನ್ನು ಇಳಿಸಿದಳು. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದಳು. ನಾಚಿಕೆಯಾಯಿತು ಎಂದೆ.

"ನನ್ ತಾವ್ಲೂ ನಾಚ್ಕೆಯಾ ಅವ್ವ?" ಎಂದಳು.

ನಾವಿಬ್ಬರೂ ಬದುವಿನ ಮೇಲೆ ಕುಳಿತು ಅತ್ತೆವು. ಅಳಿಯ ಮಾದುರವರು ಹುಲ್ಲಿನ ಹೊರೆ ಹೊತ್ತು ಬಂದವರು, ನಮ್ಮನ್ನು ನೋಡಿ ಯಾರು ಹೋದರು ಎಂದು ಗಾಬರಿಯಾದರು. ಯಾರೂ ಹೋಗಿಲ್ಲ, ಬಾಳೆ ಹೋಯಿತು ಎಂದು ಮಗಳು ಹೇಳಿದಳು.

ದಿನಾಂಕ 8-7-1984ರ ಭಾನುವಾರ ಬೆಳಿಗ್ಗೆ 6 ಗಂಟೆಯಿಂದ 11.30ರವರೆಗೆ ನಾವು ಮೂವರೂ ಸೇರಿ 9 ಮರಿಗಳನ್ನು ಕಿತ್ತು, ಒಂದೊಂದು ಗುಣಿಯ ಸುತ್ತ ಎರಡಡಿ ಅಗಲ, ಎರಡಡಿ ಆಳ ಮಣ್ಣು ತೆಗೆದೆವು. ಒಟ್ಟು 62 ಮಂಕರಿ ಮಣ್ಣು. ಅದನ್ನು 80 ಗಜ ದೂರದ ಕಲ್ಲುಭೂಮಿಗೆ ಹೊತ್ತು ಹಾಕಿ, 14 ಮರಿಗಳನ್ನೂ ಅದರ ಮೇಲೆ ಇಟ್ಟು ತೆಂಗಿನ ಗರಿ, ಹುಲ್ಲು ಹಾಕಿ ಸುಟ್ಟೆವು. ಗುಣಿಗಳಿಗೆ ಸುಣ್ಣ ತುಂಬಿದೆವು. ಗುದ್ದಲಿಯ ಬಾಯಿಯನ್ನು ಬೆಂಕಿಗೆ ಹಿಡಿದೆವು. ಕೊನೆಗೆ ಮಗಳು ಬಿಸಿನೀರು ಕಾಯಿಸಿ ತಂದು ಬದುವಿನ ಮೇಲೆ ನನ್ನ ಕಾಲನ್ನು ಅವಳೇ ಉಜ್ಜಿ ತೊಳೆದಳು. ಉಗುರಿನ ಸಂದಿಯ ಮಣ್ಣನ್ನೂ ಕಡ್ಡಿಯಿಂದ ತೆಗೆದಳು. ರೋಗದ ಮಣ್ಣು ಉಳಿಯಬಾರದು ಎಂದು ತೊಳೆದದ್ದು, ಆದರೆ ಅಷ್ಟು ಹೊತ್ತು ತೊಳೆಯಬೇಕಾಗಿರಲಿಲ್ಲ.

ಎರಡೇ ದಿನ ನೆಲದಲ್ಲಿದ್ದವು, ಆ ಬದು ಬಿಟ್ಟರೆ ಉಳಿದ ನೆಲ ಉಳಿದೀತು ಎಂದು ನನ್ನ ಆಸೆ. ಉಳಿಯುತ್ತದೆ ಎಂದು ಪ್ರಮಾಣ ಮಾಡಿ ಹೇಳಲಾರೆ. ಅಳಿಯಂದಿರು ಕಡಿಮೆ ಮಾತಿನವರು. "ಬುಡಿ ಅತ್ತೆ, ಇಲ್ಗೆ ಉಳ್ಳಿಕಾಳು ಚೆಲ್ತೀವಿ. ಬಾಳೆಗೆ ಮನೆ ಇಂದ್ಗಡೆ ಜಾಗ ಅದೆ, ಅಲ್ಗೆ ಈ ಗುದ್ಲಿ ಮುಟ್ಟಿಸಿಲ್ಲ" ಎಂದರು. ಆಮೇಲೆ, "ನಿಮ್ ತೋಟ?" ಎಂದು ಕೇಳಿದರು. ನನ್ನ ತೋಟ ಮುಗಿಯಿತು ಎಂದೆ. ಇನ್ನು ಅಲ್ಲಿ ರಾಗಿ, ಅವರೆ ಹಾಕುತ್ತೇನೆ, ಗೊಬ್ಬರ ಮಾತ್ರ ತಿಪ್ಪೆಯದೇ. ಸರ್ಕಾರಿ ಗೊಬ್ಬರ ಹಾಕಿದ ಮೇಷ್ಟರ ತೋಟವೂ ಹೋಯಿತು, ಹಾಕದ ನನ್ನದೂ ಹೋಯಿತು. ಈ ವಿಷಯದಲ್ಲಿ ಯಾರ ಮೇಲೂ ನನ್ನ ದೂರಿಲ್ಲ. ಮೇಷ್ಟರಿಗೆ ಮಾತ್ರ ನಾನು ಆಡಿದ ಮಾತಿಗೆ ತಪ್ಪಾಯಿತು ಎಂದು ಹೇಳುವುದು ಬಾಕಿ ಇದೆ, ಇಲ್ಲಿಂದ ಹೋಗುವಾಗ ಹೇಳುತ್ತೇನೆ.

ಅದೇ ಭಾನುವಾರ ಸಂಜೆ ಮಗಳು ನನ್ನ ಜೊತೆಯಲ್ಲೇ ಹೆಮ್ಮರಗಾಲಕ್ಕೆ ಬಂದಳು. ಅವಳ ಅಪ್ಪನಿಗೆ ಎಲ್ಲವನ್ನೂ ಹೇಳಿದೆವು. ಅವರು, ಅವ್ವನೂ ಮಗಳೂ ಒಂದೇ ಮರದ ಮರಿಗಳು, ಕೇಳುವುದೂ ಗೊತ್ತಿಲ್ಲ, ಹೇಳುವುದೂ ಗೊತ್ತಿಲ್ಲ ಎಂದರು. ಬಾಳೆ ಮರಿ ಎಂದು ಸೇರಿಸಿ ಹೇಳಿ, ಇಲ್ಲದಿದ್ದರೆ ಪೊಲೀಸಿನವರು ಬರುತ್ತಾರೆ ಎಂದೆ. ಯುಗಾದಿಯಿಂದ ಈಚೆಗೆ ನಮ್ಮ ಮನೆಯಲ್ಲಿ ಮೂವರೂ ಸೇರಿ ನಕ್ಕಿದ್ದು ಆವತ್ತೇ.

ಈಗ ಕೊನೆಯ ವಿಚಾರ. ನಮ್ಮ ಮನೆಯ ಹಿತ್ತಿಲಲ್ಲಿ, ಬಚ್ಚಲ ನೀರು ಹೋಗುವ ಕಡೆ, ನನ್ನ ಅತ್ತೆ ದೊಡ್ಡಮ್ಮನವರು ನೆಟ್ಟ ಒಂದು ರಸಬಾಳೆಯ ಬುಡ ಇದೆ. ತೋಟಕ್ಕೂ ಅದಕ್ಕೂ ಒಂದು ಮೈಲಿ. ತೋಟದ ಗುದ್ದಲಿ ಅದಕ್ಕೆ ತಾಕಿಲ್ಲ, ನಾಲೆಯ ನೀರು ಅದಕ್ಕೆ ಹರಿದಿಲ್ಲ. ಮುಸುರೆ ನೀರು ಕುಡಿದುಕೊಂಡು ತನ್ನ ಪಾಡಿಗೆ ತಾನಿದೆ. ಶಿವರಾತ್ರಿಯಿಂದ ನಾನು ದಿನಾ ಬೆಳಿಗ್ಗೆ ಅದರ ಎಲೆಯ ಅಂಚನ್ನು ನೋಡುತ್ತಿದ್ದೇನೆ, ಹಸಿರಾಗಿಯೇ ಇದೆ. ಅದರ ಬುಡದಲ್ಲಿ ಮೂರು ಮರಿಗಳಿದ್ದವು. ನಮ್ಮ ಮನೆತನದ ರಸಬಾಳೆಯಲ್ಲಿ ರೋಗ ಮುಟ್ಟದೆ ಉಳಿದವು ಆ ಮೂರೇ. ತೋಟದ ಮಣ್ಣು ಎಂದಾದರೂ ಸರಿಹೋದರೆ ಬೇಕಾಗುತ್ತವೆ ಎಂದು ಅವನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದೆ.

ನಿನ್ನೆ, ದಿನಾಂಕ 9-7-1984ರ ಸೋಮವಾರ, ಬೆಳಿಗ್ಗೆ ಪಕ್ಕದ ಮನೆಯ ಸಾಕಮ್ಮನಿಂದ ಹೊಸ ಗುದ್ದಲಿ ಕೇಳಿ ತಂದು, ಕುದಿಯುವ ನೀರಿನಿಂದ ತೊಳೆದು ಹಿತ್ತಿಲ ಗೋಡೆಗೆ ಒರಗಿಸಿದೆ. ಒಗೆದು ಒಣಗಿಸಿದ ಒಂದು ಗೋಣಿಚೀಲವನ್ನು ಅದರ ಪಕ್ಕದಲ್ಲಿ ಇಟ್ಟೆ. ಅನಂತರ, ನಾನು ಜಗಲಿಯಲ್ಲಿ ಅವರೆಕಾಳು ಆರಿಸುತ್ತೇನೆ, ಅರ್ಧ ಗಂಟೆ ಒಳಕ್ಕೆ ಬರುವುದಿಲ್ಲ, ಹಿತ್ತಿಲ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಯಾರಿಗೆ ಹೇಳಿದೆ ಎಂದು ರೈಟರ್ ಸಾಹೇಬರು ಕೇಳುತ್ತಿದ್ದಾರೆ. ಗೋಡೆಗೆ ಹೇಳಿದೆ ಎಂದು ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

9.30ರಿಂದ 10 ಗಂಟೆಯವರೆಗೆ ನಾನು ಬೀದಿಯ ಕಡೆಗೆ ಮುಖ ಮಾಡಿ ಕುಳಿತಿದ್ದೆ. ಹಿತ್ತಿಲಿನಿಂದ ಗುದ್ದಲಿಯ ಸದ್ದು ಹದಿನೇಳು ಸಲ ಕೇಳಿಸಿತು. ಬೆಕ್ಕು ಇರಬೇಕು ಎಂದುಕೊಂಡೆ. ಒಂದು ಸಲ ಮೂಗು ಒರೆಸಿಕೊಂಡ ಸದ್ದೂ ಕೇಳಿಸಿತು. ಅವರೆಕಾಳಿನಲ್ಲಿ ಹುಳುಕು ಯಾವುದು, ಒಳ್ಳೆಯದು ಯಾವುದು ಎಂದು ನನ್ನ ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಎರಡನ್ನೂ ಒಂದೇ ಮೊರಕ್ಕೆ ಹಾಕಿದ್ದೇನೆ.

ಸ್ಕೂಲಿನ ಹತ್ತು ಗಂಟೆಯ ಗಂಟೆ ಹೊಡೆದ ಮೇಲೆ ಎದ್ದು ಹೋಗಿ ನೋಡಲಾಗಿ ಮೂರು ಮರಿಗಳೂ ಇರಲಿಲ್ಲ. ತಾಯಿ ಗಿಡದ ಬುಡಕ್ಕೆ ಮಣ್ಣು ಎಳೆದು, ಬೂದಿ ಹಾಕಿ, ಎರಡು ಚೊಂಬು ನೀರು ಹುಯ್ದಿತ್ತು. ಗುದ್ದಲಿಯನ್ನು ತೊಳೆದು ಮೊದಲಿನ ಜಾಗದಲ್ಲೇ ಒರಗಿಸಿತ್ತು. ಹಿತ್ತಿಲ ತಡಿಕೆಯನ್ನು ಮುಚ್ಚಿ, ಹುರಿಯನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ತೂರಿಸಿ ಕಟ್ಟಿತ್ತು.

ಬುಧವಾರ ನನ್ನ ಮಗಳು ತವರಿನಿಂದ ಒಯ್ದ 14 ಬಾಳೆ ಮರಿಗಳು ಕಳುವಿನ ಮಾಲಲ್ಲ. ಗುರುವಾರದ ನನ್ನ ದೂರನ್ನು ಮುಕ್ತಾಯ ಮಾಡಬೇಕು. ನಿನ್ನೆ ಹಿತ್ತಿಲಿನಿಂದ ಹೋದ ಮೂರು ಮರಿಗಳನ್ನು ಯಾರು ಒಯ್ದರು ಎಂದು ನಾನು ನೋಡಿಲ್ಲ. ಯಾರ ಮೇಲೂ ಅನುಮಾನವಿಲ್ಲ. ಅವನ್ನು ಹುಡುಕಿಸುವ ಅಗತ್ಯವಿಲ್ಲ. ಕೇಳದೆ ಒಯ್ದದ್ದರಿಂದ ಚೆನ್ನಾಗಿ ಬೇರು ಬಿಡುತ್ತವೆ. ನಿನ್ನೆ 11.30ರ ಬಸ್ಸಿನ ಮೇಲಕ್ಕೆ ಚೀಲ ಹತ್ತಿಸಿದವರು ಯಾರು ಎಂದು ದೊಡ್ಡಸಿದ್ದಯ್ಯನವರನ್ನು ಈ ಸಲ ಕೇಳಬಾರದಾಗಿ ಕೋರುತ್ತೇನೆ. ಅವರು ಸುಳ್ಳು ಹೇಳುವವರಲ್ಲ, ಸುಮ್ಮನೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಮೇಲೆ ಬರೆದಿರುವುದನ್ನು ರೈಟರ್ ಸಾಹೇಬರು ನನಗೆ ಓದಿ ಹೇಳಿದರು. ಎರಡು ಕಡೆ ಮರಿ ಎಂದಷ್ಟೇ ಇತ್ತು, ಬಾಳೆ ಎಂದು ಸೇರಿಸಿ ಬರೆಸಿದೆ. ನಾನು ಕಂಡದ್ದು, ಮಾಡಿದ್ದು, ನೋಡದೆ ಕುಳಿತದ್ದು ಎಲ್ಲವೂ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ನಂಜನಗೂಡು
ದಿನಾಂಕ: 10-7-1984, ಮಧ್ಯಾಹ್ನ 1.40

ಮಹದೇವಮ್ಮ, ಹೆಬ್ಬೆಟ್ಟಿನ ಗುರುತು

ಓದಿ ಹೇಳಿದ್ದಕ್ಕೆ ಸಾಕ್ಷಿ: ದೊಡ್ಡಸಿದ್ದಯ್ಯ, ಟೀ ಅಂಗಡಿ, ಹೆಮ್ಮರಗಾಲ (ರುಜು)